ಕಣ್ಣೆದುರು ಬೀಸಿದ ಖಾರ

ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಖಾರದ ಪುಡಿಯ ಪ್ಯಾಕೆಟ್ ಮಾಡಲು ಶುರು ಮಾಡಿದೆ. ನಮ್ಮ ಕಡೆಯ ಹೆಂಗಸರು ಮೆಣಸಿನಕಾಯಿಯನ್ನು ತಾವೇ ಒಣಗಿಸಿ ಮಿಲ್ಲಿಗೆ ಒಯ್ಯುತ್ತಾರೆ. ಮೂಗಿಗೆ ಸೆರಗು ಹಿಡಿದು ನಿಂತರೆ, ತಮ್ಮ ಪುಡಿ ತಮ್ಮ ಡಬ್ಬಕ್ಕೆ ಬೀಳುವ ತನಕ ಕದಲುವುದಿಲ್ಲ. ಅಂಥವರಿಗೆ ನಾನು ಪ್ಯಾಕೆಟ್ ಮಾರಲು ಹೊರಟಿದ್ದೆ.

ಗುಬ್ಬಿಯ ಅಂಗಡಿಯವನು ಕಲಬೆರಕೆ ಇದೆಯೇ ನೋಡಲು ಚಿಟಿಕೆ ಪುಡಿಯನ್ನು ನೀರಿನ ಲೋಟಕ್ಕೆ ಹಾಕಿ, ಲೋಟ ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತ. ಕುಣಿಗಲ್‌ನ ಅಂಗಡಿಯಾಕೆ ಲೋಟದ ಗೊಡವೆಗೇ ಹೋಗಲಿಲ್ಲ.

"ಇಷ್ಟು ಕೆಂಪಗೆ ಐತಲ್ಲ, ಏನ್ ಬೆರ್ಸಿದ್ದೀರಾ?"

"ಏನೂ ಇಲ್ಲಮ್ಮ, ಬರೀ ಬ್ಯಾಡಗಿ ಮೆಣಸಿನಕಾಯಿ."

"ಎಲ್ರೂ ಅಂಗೇ ಅಂತಾರೆ ಬುಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಇಟ್ಟಿಗೆ ಪುಡಿ ಮಾರುವವನೇ? ಇವರ ಅನುಮಾನದ ನಡುವೆ ಯಾವ ಹೊಸ ವ್ಯಾಪಾರ ತಾನೇ ಉಳಿದೀತು ಎಂದು ಬೈದುಕೊಳ್ಳುತ್ತ ತುಮಕೂರಿಗೆ ವಾಪಸ್ಸಾದೆ. ಬಾಗಿಲಲ್ಲೇ ಅಮ್ಮ ಎದುರಾದಳು. ಮಿಲ್ಲಿಗೆ ಹೊರಟಿದ್ದಳು, ಕೈಯಲ್ಲಿ ಖಾಲಿ ಡಬ್ಬ, ಚೀಲದ ತುಂಬ ಒಣಮೆಣಸಿನಕಾಯಿ.

"ಮನೇಲಿ ನಮ್ಮ ಪ್ಯಾಕೆಟ್ಟೇ ಇದ್ಯಲ್ಲಮ್ಮ?"

"ಇದೆ ಕಣೋ. ಆದ್ರೆ ನೀನು ಪುಡಿ ಮಾಡ್ಬೇಕಾದ್ರೆ ನಾನು ಅಲ್ಲಿ ನಿಂತಿರ್ಲಿಲ್ವಲ್ಲ."