ಖಾಲಿ ಕೈಯ ವಾಚು, ಹನ್ನೊಂದು ಗಡಿಗೆ

ಹೋದ ಭಾನುವಾರ ನಾನು ಹನ್ನೊಂದು ಗಡಿಗೆ ಒಡೆದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಚಪ್ಪಾಳೆ ತಟ್ಟಿದರು!

ಗಡಿಗೆ ಇದ್ದದ್ದು ಮೊಬೈಲಿನಲ್ಲಿ. ಮೊಮ್ಮಗಳು ಸುಷ್ಮಾ ಹೊಸ ಸ್ಮಾರ್ಟ್ ವಾಚ್ ತಂದಿದ್ದಾಳೆ. ಅದನ್ನು ಕಟ್ಟಿಕೊಂಡು ಬರೀ ಕೈ ಬೀಸಿದರೆ ಸಾಕು, ಮೊಬೈಲ್ ಗೇಮಿನಲ್ಲಿ ಕಲ್ಲು ಹಾರಿ ಗಡಿಗೆಗೆ ಬಡಿಯುತ್ತದೆ. (ನಾನೂ ನಂಬಿರಲಿಲ್ಲ. ನೀವು ನಂಬುತ್ತೀರಾ?) ಸುಷ್ಮಾಳ ರೆಕಾರ್ಡ್ ಎಂಟು. (ಅಕ್ಷರ ನನಗೆ ಕಷ್ಟ, ಅಂಕಿ ಚೆನ್ನಾಗಿ ಬರುತ್ತದೆ.)

ಮೊದಲು ಸೊಸೆ ಶಿವಲೀಲಾ ಕಟ್ಟಿಕೊಂಡಳು. ಕೈತುಂಬ ಹಸಿರು ಬಳೆ. ಬೀಸಿದ ಕೂಡಲೇ ಬಳೆಗಳು ವಾಚಿಗೆ ಬಡಿದು ಕಲ್ಲು ಎತ್ತಲೋ ಹೋಯಿತು. ಬಳೆ ತೆಗೆಯಲು ಅವಳು ಒಪ್ಪಲಿಲ್ಲ.

ನಾನು ಕೈ ಚಾಚಿದೆ. "ನಂದು ಹನ್ನೆರಡು ವರ್ಷದಿಂದ ಖಾಲಿನೇ ಐತಿ. ಕಟ್ಟ್ ಲೇ, ಸುಷ್ಮಾ."

ಪಕ್ಕದ ಮನೆಯ ಬಸವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ಹಾಗೆಯೇ ಗಂಡ ಹೋದ ಮೇಲೆ ಕೈ ಬರಿದಾದವಳು.

"ಏ ಯಕ್ಕಾ, ಈ ವಯಸ್ಸಿನ್ಯಾಗ ಕೈಗೆ ಸಿಂಗಾರ ಬೇಕೇನ? ಮಂದಿ ಏನಂದಾರು?"

"ಮಂದಿ ಬಂದು ಗಡಿಗಿ ಒಡೀತಾರೇನ? ಸುಮ್ನ ಕುಂದ್ರ ಬೇ."

ಭುಜದ ಬಲವೆಲ್ಲ ಹಾಕಿ ಎಸೆದೆ. ಕಲ್ಲು ಏಳಲೇ ಇಲ್ಲ. ಮತ್ತೆ ಎಸೆದೆ. ಬಸವ್ವ ನಕ್ಕಳು. "ಬಿಚ್ಚಿಡ ಯಕ್ಕಾ, ನಿನ್ನ ಕೈಲೆ ಆಗೂದಲ್ಲ!"

"ಆಯಿ, ತೋಳಲ್ಲ ಬೇ, ಮಣಿಕಟ್ಟು ತಿರುವು!" ಎಂದಳು ಸುಷ್ಮಾ.

ಮಣಿಕಟ್ಟೇ? ಅಷ್ಟು ಮೊದಲೇ ಹೇಳಬಾರದೇ? ಯರಗುಪ್ಪಿಯ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಗಿಳಿ ಓಡಿಸಿದವಳು ನಾನು. ಕೊನೆಯಲ್ಲಿ ಮಣಿಕಟ್ಟು ಚಟ್ಟನೆ ತಿರುಗಿದರೇ ಕಲ್ಲು ಹಾರುವುದು.

ತಿರುಗಿಸಿದೆ. ಢಬ್! ಒಂದು. ಢಬ್! ಢಬ್! ಒಂಬತ್ತಕ್ಕೆ ಸುಷ್ಮಾ ಕಿರುಚಿದಳು. ಹನ್ನೊಂದಕ್ಕೆ ನಾನೇ ಕಿರುಚಿದೆ. ಸೆರಗು ಜಾರಿತ್ತು, ಯಾರಿಗೆ ಬೇಕು?

ಗೇಮ್ ಮುಗಿದರೂ ವಾಚ್ ಬಿಚ್ಚಲಿಲ್ಲ. ಕಟ್ಟಿಕೊಂಡೇ ನಲ್ಲಿಗೆ ಹೋಗಿ ನೀರು ತಂದೆ. ನೋಡುವವರು ನೋಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಈ ಖಾಲಿ ಕೈ ಸಗಣಿ ಬಾಚಬಹುದು, ಕಳೆ ಕೀಳಬಹುದು, ಒಂದು ವಾಚ್ ಕಟ್ಟಿಕೊಂಡರೆ ಮಾತ್ರ ತಪ್ಪೇ?

ಸೋಮವಾರ ಬೆಳಿಗ್ಗೆ ಬಸವ್ವ ಹಿತ್ತಲ ಬಾಗಿಲಿನಿಂದ ಬಂದಳು. ದನಿ ತಗ್ಗಿಸಿ ಕೇಳಿದಳು: "ಯಕ್ಕಾ, ನನಗೂ ಒಂದ್ ಸಲ ಕಟ್ಟ ಬೇ."

ಕಟ್ಟಿದೆ. ಮಂದಿ ಏನಂದಾರು ಎಂದವಳು, ಚಾರ್ಜು ಮುಗಿದ ಮೇಲೂ ವಾಚ್ ಬಿಚ್ಚಿ ಕೊಡಲಿಲ್ಲ!