ಸಂಜೆಯ ಬೆಲೆ, ಬೆಳಗಿನ ಖರೀದಿ

ಅಂಕೋಲಾದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಷೇರನ್ನು ಯಾವಾಗ ಕೊಳ್ಳಬೇಕೆಂದು ಊಹೆಯಿಂದಲ್ಲ, ನಿಯಮದಿಂದಲೇ ತೀರ್ಮಾನಿಸಬೇಕು ಎಂಬ ಹುಚ್ಚು ಒಂದು ಬೇಸಿಗೆ ರಜೆಯಲ್ಲಿ ಹತ್ತಿತು. ಹಳೆಯ ಬೆಲೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡೆ. ದಿನದ ಕೊನೆಯ ಬೆಲೆ ಹಿಂದಿನ ಇಪ್ಪತ್ತು ದಿನಗಳ ಗರಿಷ್ಠವನ್ನು ದಾಟಿದರೆ ಕೊಳ್ಳುವುದು, ಹತ್ತು ದಿನ ಇಟ್ಟು ಮಾರುವುದು, ಇಷ್ಟೇ ನಿಯಮ. ಹಳೆಯ ಬೆಲೆಗಳ ಮೇಲೆ ಅದು ಗೆದ್ದದ್ದೇ ಗೆದ್ದದ್ದು. ಆದರೆ ಹಣ ಹಾಕದೆ ಹೊಸ ದಿನಗಳ ಮೇಲೆ ಪ್ರಯೋಗ ಮಾಡಿದರೆ ಬರೀ ಸೋಲು.

ಒಂದು ಭಾನುವಾರ ಕದ್ವಾಡದ ಗಂಡನ ಮನೆಯಲ್ಲಿ ಇದರ ಜೊತೆ ಗುದ್ದಾಡುತ್ತಿದ್ದೆ. ಬಂದರಿನಲ್ಲಿ ಮೀನು ಕೊಂಡು ಮಾರುವ ಮೈದುನ ಪಕ್ಕದಲ್ಲಿ ಬಂದು ಕೂತ.

"ಎಂತ ವೈನಿ, ಕಂಪ್ಯೂಟರ್ ಮೇಲೆ ಸಿಟ್ಟು?"

ನಿಯಮ ವಿವರಿಸಿದೆ. ಅವನು ಪರದೆಯತ್ತ ಬಗ್ಗಿದ.

"ಕೊಂಡದ್ದು ಯಾವ ರೇಟಿಗೆ?"

"ಅದೇ ದಿನ ಬೆಳಿಗ್ಗೆಯ ರೇಟಿಗೆ."

"ಸಂಜೆ ರೇಟು ಏರ್ತದೆ ಅಂತ ಬೆಳಿಗ್ಗೆನೇ ನಿಮ್ಗೆ ಹ್ಯಾಂಗೆ ಗೊತ್ತಾಯ್ತು? ನಂಗೂ ಹೇಳಿ, ಬಂಗಡೆ ತಗೊಳ್ತೆ!"

ಬರೆದಿದ್ದ ಪ್ರೋಗ್ರಾಂ ತೆರೆದು ನೋಡಿದೆ. ಒಂದೇ ಸಾಲಿನ ತಪ್ಪು. ಮರುದಿನ ಬೆಳಿಗ್ಗೆ ಕೊಳ್ಳುವಂತೆ ತಿದ್ದಿದೆ. ಲಾಭವೆಲ್ಲ ಮಾಯ.

ಆಮೇಲೆ ತೇಪೆ ಹಚ್ಚುವುದು ಶುರುವಾಯಿತು. ಇಪ್ಪತ್ತನ್ನು ಹದಿನೇಳು ಮಾಡಿದೆ. ಸೋಮವಾರ ಬೇಡವೆಂದೆ. ವಹಿವಾಟು ಕಡಿಮೆಯಿದ್ದ ದಿನಗಳನ್ನು ಕೈಬಿಟ್ಟೆ. ಪ್ರತಿ ತೇಪೆಗೂ ಲಾಭದ ಗೆರೆ ಮೇಲೇರುತ್ತಿತ್ತು. ಪರೀಕ್ಷೆಗೆಂದೇ ಎತ್ತಿಟ್ಟಿದ್ದ ಕೊನೆಯ ಎರಡು ವರ್ಷಗಳ ಬೆಲೆಗಳ ಮೇಲೆ ಓಡಿಸಿದಾಗ ಮಾತ್ರ ದೊಪ್ಪನೆ ಬಿತ್ತು. ಛಲ ಬಿಡಲಿಲ್ಲ, ಅಲ್ಲಿಯೂ ಪಾಸಾಗುವವರೆಗೆ ತಿದ್ದಿದೆ. ಆಗ ಹೊಳೆಯಿತು: ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಕೂಡಿಸಬೇಡಿ ಎಂದು ಮಕ್ಕಳಿಗೆ ಬೈಯುವ ನಾನು ಮಾಡುತ್ತಿದ್ದದ್ದು ಅದನ್ನೇ. ನಿಯಮವನ್ನು ಪರೀಕ್ಷಿಸಲು ನಾನು ಮುಟ್ಟದ ವರ್ಷ ಒಂದೂ ಉಳಿದಿರಲಿಲ್ಲ.

ಕೈಗಾ ಸ್ಥಾವರದ ಕೆಲಸ ಮುಗಿಸಿ ಬಸ್ಸಿಳಿದು ಬಂದ ಗಂಡ ನನ್ನ ಮುಖ ನೋಡಿ, "ಬಿಟ್ಬಿಡು ಮಾರಾಯ್ತಿ, ಯಾರಾದ್ರೂ ಒತ್ತಾಯ ಮಾಡಿದಾರಾ?" ಎಂದರು. ಅವರ ಮೇಲೂ ರೇಗಿದೆ.

ಮರುದಿನ ತೇಪೆಗಳನ್ನೆಲ್ಲ ಅಳಿಸಿ ಮೊದಲಿನ ಇಪ್ಪತ್ತು ದಿನಗಳ ನಿಯಮವನ್ನಷ್ಟೇ ಉಳಿಸಿಕೊಂಡೆ. ಈಗ ದಿನವೂ ಶಾಲೆ ಮುಗಿಸಿ ಬಂದವಳೇ, ಅಂದಿನ ಹೊಸ ಬೆಲೆಯ ಮೇಲೆ ನಿಯಮದ ಫಲಿತಾಂಶವನ್ನು ನೋಟ್‌ಬುಕ್ಕಿನ ಒಂದು ಸಾಲಿನಲ್ಲಿ ಬರೆದಿಡುತ್ತೇನೆ. ಐದು ತಿಂಗಳಾಯಿತು. ನಿಯಮ ಗೆದ್ದಿತು ಎನ್ನಲಾರೆ, ಸೋತಿತು ಎನ್ನಲೂ ಆರೆ. ಒಂದು ಷೇರನ್ನೂ ಕೊಂಡಿಲ್ಲ. ಹೀಗೆ ಕಾಯುವುದು ನನ್ನ ಸ್ವಭಾವವೇ ಅಲ್ಲ. ಬರೆಯುವಾಗ ಪೆನ್ನು ಕಾಗದಕ್ಕೆ ಒತ್ತಿ ಕೆಳಗಿನ ಹಾಳೆಯಲ್ಲೂ ಗುರುತು ಮೂಡುತ್ತದೆ.