ಎಡಗಡೆಯ ಬಾಗಿಲು

ನನ್ನ ಮೊದಲ ಚಿತ್ರಪ್ರದರ್ಶನಕ್ಕೆ ಇನ್ನೊಂದೇ ದಿನ ಉಳಿದಿತ್ತು. ನಮ್ಮೂರಿನ ವಿದ್ಯಾನಗರದ ಒಂದು ಶಾಲೆಯ ಹಾಲ್‌ನಲ್ಲಿ ಹದಿನಾಲ್ಕು ಚಿತ್ರ ತೂಗುಹಾಕಿ, ಭದ್ರಾವತಿಯಿಂದ ನಾನು ಗುರುವೆಂದು ನಂಬಿದ್ದ ಶಿಲ್ಪಿಯೊಬ್ಬರನ್ನು ಕರೆಸಿದ್ದೆ. ಅವರೊಬ್ಬರು ಹೂಂ ಅಂದರೆ ಸಾಕು, ಊರೆಲ್ಲ ಉಗಿದರೂ ಲೆಕ್ಕಕ್ಕಿಲ್ಲ ಅನ್ನುವಷ್ಟು ಹುಚ್ಚು ನನಗೆ.

ಆರು ವರ್ಷ, ಭಾನುವಾರ ಬಂತೆಂದರೆ ಬೆಳಗಿನ ಬಸ್ಸು ಹಿಡಿದು ಅವರ ಶೆಡ್ಡಿಗೆ ಓಡುತ್ತಿದ್ದೆ. ಕಾರ್ಖಾನೆಯ ಕೆಲಸ ಮುಗಿಸಿ ಬಂದು ಕಲ್ಲು ಕೆತ್ತುವ ಮನುಷ್ಯ. ಪಾಠಗೀಠ ಏನೂ ಇಲ್ಲ. “ಕಲ್ಲು ನೋಡ್ಬೇಡ, ನೆರಳು ನೋಡು” ಎಂದು ಒಮ್ಮೆ ಹೇಳಿದ್ದೇ ಕೊನೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಅವರ ಮೂರ್ತಿಗಳ ನೆರಳನ್ನೇ ಬರೆಯುತ್ತಿದ್ದೆ. ಆ ಶೆಡ್ಡಿಗೆ ಕಿಟಕಿಯಿರಲಿಲ್ಲ. ನನ್ನ ಎಡಗಡೆ ಒಂದೇ ಬಾಗಿಲು, ಬೆಳಕೆಲ್ಲ ಅಲ್ಲಿಂದಲೇ.

ಹಾಲ್‌ಗೆ ಬಂದವರು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಚಿತ್ರ ನೋಡಿದರು. ಕೊನೆಗೆ ಬಸ್ ಸ್ಟ್ಯಾಂಡಿನ ಚಿತ್ರದ ಮುಂದೆ ನಿಂತರು.

“ಇದು ಎಷ್ಟೊತ್ತಿಂದು?”

“ಮಧ್ಯಾಹ್ನದ್ದು ಸರ್.”

“ಮಧ್ಯಾಹ್ನ ನೆರಳು ಕಾಲ್ ಕೆಳ್ಗಿರ್ಬೇಕಲ್ಲ ಮಾರಾಯ್ತಿ. ಇಲ್ಲಿ ಎಲ್ರುದೂ ಬಲಕ್ಕೆ ಬಿದ್ದಿದೆ. ಸಕ್ರೆಬೈಲು ಕ್ಯಾಂಪಿನ ಆನೇದೂ ಅಷ್ಟೆ, ಅಡುಗೆಮನೇಲಿ ಕೂತಿರೋ ನಿಮ್ಮಮ್ಮಂದೂ ಅಷ್ಟೆ. ಎಲ್ಲಾ ಕಡೆ ನನ್ ಶೆಡ್ಡಿನ ಬಾಗ್ಲೇ ತೆಗ್ದಿಟ್ಟಿದೀಯಲ್ಲ!”

ತಿರುಗಿ ನೋಡಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಹಾಗೇ. ಅಯ್ಯೋ, ಇದರಲ್ಲಿ ನನ್ನದು ಅನ್ನುವುದು ಏನಿದೆ? ಮುಖ ಉರಿಯಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚು. ನನ್ನದು ಮೊದಲೇ ಹಾಳು ಕೋಪ.

“ಆರು ವರ್ಷ ನೋಡ್ತಾನೇ ಇದ್ರಲ್ಲ, ಆಗ್ಯಾಕೆ ಬಾಯಿ ಬಿಡ್ಲಿಲ್ಲ?”

ಅವರು ನೆಲ ನೋಡಿದರು.

“ಖುಷಿಯಾಗ್ತಿತ್ತು. ನನ್ ಥರಾನೇ ನೋಡೋರು ಒಬ್ರಿದಾರಲ್ಲ ಅಂತ. ತಪ್ಪು ನಂದೂ ಇದೆ. ಇನ್ಮೇಲೆ ಶೆಡ್ಡಿಗೆ ಬರ್ಬೇಡ.”

“ಹಂಗಾದ್ರೆ ನಾನು ಎಲ್ಲಿ ಕೂತ್ಕೊಳ್ಲಿ? ಏನ್ ನೋಡ್ಲಿ?”

“ಅದನ್ನೂ ನಾನೇ ಹೇಳಿದ್ರೆ ಅದೂ ನಂದೇ ಆಗುತ್ತೆ” ಎಂದು ಹೊರಟೇಬಿಟ್ಟರು. ಬಸ್ಸಿನ ತನಕ ಹೋಗಿ ಬೀಳ್ಕೊಡುವ ಮನಸ್ಸೂ ನನಗೆ ಬರಲಿಲ್ಲ.

ಪ್ರದರ್ಶನ ನಡೆಯಿತು. ಜನ ಹೊಗಳಿದರು. ಒಂದು ಮಾತೂ ಕಿವಿಗೆ ಹೋಗಲಿಲ್ಲ.

ಮುಂದಿನ ಭಾನುವಾರ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಎಂದಿನಂತೆ ಬೇಗ ಎದ್ದು, ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿದೆ. ಗೇಟಿನ ಹತ್ತಿರ ಅವರ ಮಾತು ನೆನಪಾಯಿತು. ದುಃಖ ಒತ್ತರಿಸಿ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಳೆ ತೆಗೆದೆ. ಎದುರುಮನೆಯಾಕೆ ನಲ್ಲಿಯ ಕೆಳಗೆ ಕೊಡ ಇಟ್ಟು ಕಾಯುತ್ತಿದ್ದಳು. ಪೆನ್ಸಿಲ್ ಹಾಳೆಯ ಮೇಲಿಟ್ಟೆ. ಮೊದಲ ಗೆರೆ ಎಲ್ಲಿ ಎಳೆಯಬೇಕೆಂದು ನನಗೆ ಗೊತ್ತಿರಲಿಲ್ಲ, ಕೇಳಲು ಯಾರೂ ಇರಲಿಲ್ಲ.